ವರ ಒಬ್ಬರಿಗೆ, ಫಲ ಎಲ್ಲರಿಗೆ: ಸಭೆಯ ಐಕ್ಯವನ್ನು ಕುರಿತ ಮೀಮಾಂಸೆ

ವಿಷಯ

ಕ್ರೈಸ್ತ ಸಭೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ವರ. ಒಬ್ಬರಿಗೆ ಬೋಧನೆ ಒಲಿದಿದೆ, ಇನ್ನೊಬ್ಬರಿಗೆ ಹಾಡು. ರೋಗಿಯ ಮಗ್ಗುಲಲ್ಲಿ ರಾತ್ರಿಯಿಡೀ ಕೂರುವ ತಾಳ್ಮೆ ಒಬ್ಬರದಾದರೆ, ಲೆಕ್ಕಪತ್ರ ಚೊಕ್ಕಟವಾಗಿಡುವ ಶಿಸ್ತು ಮತ್ತೊಬ್ಬರದು. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ರಿಂದ 14ರವರೆಗಿನ ಅಧ್ಯಾಯಗಳಲ್ಲಿ, ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲನು ಈ ವರಗಳನ್ನು ಎಣಿಸುತ್ತಾನೆ. ಮೂರು ಕಡೆಯೂ ಅವನು ಅವನ್ನು ಒಂದೇ ದೇಹದ ಅಂಗಗಳೆಂದು ಕಾಣುತ್ತಾನೆ.

ಇದು ಪುಸ್ತಕದಲ್ಲಷ್ಟೇ ಉಳಿದ ಮಾತಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಥೋಲಿಕರು ಪವಿತ್ರ ವಾರದಲ್ಲಿ ಕ್ರಿಸ್ತನ ಪಾಡುಗಳ ನಾಟಕ ‘ಮಹಿಮೆ’ಯನ್ನು ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ. ಇಂಥ ನಾಟಕದಲ್ಲಿ ಕ್ರಿಸ್ತನ ಪಾತ್ರ ಒಬ್ಬನಿಗೇ ಸಿಗುತ್ತದೆ. ಉಳಿದವರು ಹಾಡಬೇಕು, ವೇಷ ಕಟ್ಟಬೇಕು, ಮಾತು ಕಲಿಸಬೇಕು, ಬಂದ ಜನಕ್ಕೆ ನೀರು ನೆರಳು ನೋಡಬೇಕು. ಯೂದನ ಪಾತ್ರವನ್ನೂ ಯಾರಾದರೊಬ್ಬರು ಮನಸ್ಸಿಟ್ಟು ಹೊರದಿದ್ದರೆ ಕಥೆಯೇ ನಡೆಯದು.

ಸಂಶಯ

ವರಗಳು ಹಲವು, ಐಕ್ಯ ಒಂದು. ಇವೆರಡೂ ಒಂದೆಡೆ ನಿಲ್ಲಬಲ್ಲವೇ? ಇಲ್ಲ ಎನ್ನುವವರ ವಾದಗಳು ನಾಲ್ಕು.

ಮೊದಲನೆಯ ಪೂರ್ವಪಕ್ಷ: ಐಕ್ಯವು ವರವನ್ನು ಕೊಲ್ಲುತ್ತದೆ

ಎಲ್ಲರೂ ಒಂದಾಗಬೇಕೆಂದರೆ ಎಲ್ಲರೂ ಒಂದೇ ಥರ ಆಗಬೇಕು. ಆಗ ವರದ ವೈಶಿಷ್ಟ್ಯವೇ ಹೋಗುತ್ತದೆ ಎಂಬುದು ಈ ವಾದ.

ಉತ್ತರ: ನಮ್ಮ ನಾಡಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳ ಪೈಕಿ ಬಿಷಪ್ ವಿ. ಎಸ್. ಅಜರಯ್ಯನವರೂ ಇದ್ದರು. ಅಲ್ಲಿ ಹುಟ್ಟಿದ ಐಕ್ಯದ ಕರೆ 28 ವರ್ಷಗಳ ಮಾತುಕತೆ ದಾಟಿ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಗಿ, ಅಂದರೆ ಸಿಎಸ್‌ಐ ಆಗಿ ಫಲಿಸಿತು. ಆಂಗ್ಲಿಕನ್ನರ ಬಿಷಪ್ ಪದವಿ, ಪ್ರೆಸ್ಬಿಟೇರಿಯನ್ನರ ಹಿರಿಯರ ಆಡಳಿತ, ಕಾಂಗ್ರೆಗೇಷನಲ್ ಸಭೆಗಳ ಸ್ಥಳೀಯ ಸ್ವಾತಂತ್ರ್ಯ, ಮೆಥೊಡಿಸ್ಟರಲ್ಲಿ ಸಾಮಾನ್ಯ ಸಭಿಕರೂ ಬೋಧಿಸುವ ರೂಢಿ, ಇವೆಲ್ಲ ಒಂದೇ ಮನೆಗೆ ಬಂದವು. ಒಂದಾಗುವಾಗ ಯಾವ ಪಾದ್ರಿಯೂ ಎರಡನೆಯ ಬಾರಿ ಅಭಿಷೇಕ ಪಡೆಯಬೇಕಾಗಲಿಲ್ಲ. ಒಗ್ಗದ ಆರಾಧನಾ ಕ್ರಮವನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲವೆಂದು ಹೊಸ ಸಭೆ ಮಾತು ಕೊಟ್ಟಿತು.

ಮರಳವಾಡಿ ಹೋಬಳಿಯಲ್ಲಿ ಹಿಪ್ಪುನೇರಳೆ ಬೆಳೆದು ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವವರಿಗೆ ವೈಶಿಷ್ಟ್ಯ ಉಳಿಸಿಕೊಂಡೇ ಒಂದಾಗುವ ಈ ಬಗೆಯನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದವಿದ್ದರೂ ಒಂಟಿಯಾಗಿ ಮಗ್ಗಕ್ಕೆ ಬಾರದಷ್ಟು ನವಿರು. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಅಂಟು ಸಡಿಲಿಸಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸುತ್ತಾರೆ. ಆರಿದ ಮೇಲೆ ಅದೇ ಅಂಟು ಎಳೆಗಳನ್ನು ಒಂದೇ ನೂಲಾಗಿ ಹಿಡಿಯುತ್ತದೆ. ಯಾವ ಎಳೆಯೂ ಕರಗಿ ಹೋಗಿರುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ವರಗಳ ಬಗೆಗಿನ 12 ಮತ್ತು 14ನೆಯ ಅಧ್ಯಾಯಗಳ ನಡುವೆ ಪ್ರೀತಿಯನ್ನು ಕುರಿತ 13ನೆಯ ಅಧ್ಯಾಯವನ್ನು ಇಟ್ಟಿದ್ದಾನೆ. ಸಭೆಯ ಎಳೆಗಳನ್ನು ಹಿಡಿಯುವ ಅಂಟು ಆ ಪ್ರೀತಿಯೇ.

ಎರಡನೆಯ ಪೂರ್ವಪಕ್ಷ: ವರಗಳಲ್ಲಿ ಮೇಲುಕೀಳು ಇದ್ದೇ ಇದೆ

ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನೇ ಮೊದಲು ಅಪೊಸ್ತಲರು, ಎರಡನೆಯದಾಗಿ ಪ್ರವಾದಿಗಳು, ಮೂರನೆಯದಾಗಿ ಬೋಧಕರು ಎಂದು ಕ್ರಮ ಹಾಕಿದ್ದಾನೆ. ಹಾಗಿರುವಾಗ ಕಸ ಗುಡಿಸುವವರಿಗೂ ಪ್ರಸಂಗ ಮಾಡುವವರಿಗೂ ಸಮಾನ ಸ್ಥಾನ ಎಲ್ಲಿಂದ ಬಂತು?

ಉತ್ತರ: ಕ್ರಮವಿರುವುದು ನಿಜ. ಸಾರುವವರಿಲ್ಲದೆ ಸಭೆ ಹುಟ್ಟದು, ಕಲಿಸುವವರಿಲ್ಲದೆ ಬೆಳೆಯದು. ಆದರೆ ಅದು ಕೆಲಸದ ಕ್ರಮ, ಗೌರವದ ಏಣಿಯಲ್ಲ. ಅದೇ ಅಧ್ಯಾಯದಲ್ಲಿ ಅವನು ಬಲವಿಲ್ಲದಂತೆ ತೋರುವ ಅಂಗಗಳೇ ಅಗತ್ಯವಾದವು ಎನ್ನುತ್ತಾನೆ. ಮಾನ ಕಡಿಮೆಯಿದ್ದಲ್ಲಿ ದೇವರು ಹೆಚ್ಚಿನ ಮಾನ ಇಟ್ಟಿದ್ದಾನೆ ಎನ್ನುತ್ತಾನೆ. ಕೊರಿಂಥದಲ್ಲಿ ಅನ್ಯಭಾಷೆಯಾಡುವವರು ಬೀಗುತ್ತಿದ್ದುದಕ್ಕೆ ಅವನು ಕೊಟ್ಟ ಅಳತೆಗೋಲು ಒಂದೇ: ಇದರಿಂದ ಸಭೆ ಕಟ್ಟಲ್ಪಡುತ್ತದೆಯೇ? ಆ ಕೋಲಿನಿಂದ ಅಳೆದರೆ, ಒಡೆದ ಎರಡು ಮನೆಗಳನ್ನು ಮಾತನಾಡಿಸಿ ಕೂಡಿಸಿದ ಮುದುಕಿ, ಕೇಳುಗರು ಮರೆತ ಪ್ರಸಂಗಕ್ಕಿಂತ ದೊಡ್ಡದನ್ನು ಕಟ್ಟಿದ್ದಾಳೆ.

ಮೂರನೆಯ ಪೂರ್ವಪಕ್ಷ: ದೇವರು ಕೊಟ್ಟ ವರಕ್ಕೆ ಸಭೆಗೇಕೆ ಲೆಕ್ಕ ಕೊಡಬೇಕು?

ವರ ಉಳ್ಳವರು ಹಳೆಯ ಸಭೆ ಬಿಟ್ಟು ಬೇರೆ ಗುಂಪು ಕಟ್ಟುವಾಗ ಸಾಮಾನ್ಯವಾಗಿ ಕೇಳಿಬರುವ ಮಾತಿದು.

ಉತ್ತರ: ಪೇತ್ರನು ವರ ಹೊಂದಿದವರನ್ನು ಮನೆವಾರ್ತೆಯವರು ಎಂದು ಕಾಣುತ್ತಾನೆ. ಮನೆವಾರ್ತೆ ನೋಡುವವನ ಕೈಯಲ್ಲಿ ಬೀಗದ ಕೈ ಇರುತ್ತದೆ, ಆಸ್ತಿ ಅವನದಲ್ಲ. ಪ್ರವಾದಿಗಳು ಇಬ್ಬರೋ ಮೂವರೋ ಮಾತನಾಡಲಿ, ಉಳಿದವರು ಅದನ್ನು ತೂಗಲಿ ಎಂದು ಪೌಲನು ಕೊರಿಂಥಕ್ಕೆ ವಿಧಿಸಿದ. ಪ್ರವಾದಿಯ ಮಾತೇ ತೂಕಕ್ಕೆ ಒಳಪಡುವುದಾದರೆ ನಮ್ಮ ನಿಮ್ಮ ವರಗಳು ಹೊರಗುಳಿಯಲಾರವು. ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ ಇದೇ ಸಮತೋಲವನ್ನು ಹಿಡಿಯಿತು. ಪವಿತ್ರಾತ್ಮನು ಎಲ್ಲ ದರ್ಜೆಯ ವಿಶ್ವಾಸಿಗಳಿಗೂ ವರ ಹಂಚುತ್ತಾನೆ, ಅವನ್ನು ಪರಿಶೀಲಿಸುವ ಹೊಣೆ ಸಭೆಯ ಪಾಲಕರದು, ಆದರೆ ಪಾಲಕರು ಆತ್ಮನನ್ನು ನಂದಿಸಕೂಡದು ಎಂದಿತು. ಲೆಕ್ಕ ಕೊಡುವುದು ವರ ಉಳ್ಳವರ ಧರ್ಮ, ಜಾಗ ಕೊಡುವುದು ಸಭೆಯ ಧರ್ಮ. ಎರಡನೆಯದು ತಪ್ಪಿದಲ್ಲಿ ಮೊದಲನೆಯದನ್ನು ಕೇಳುವ ಹಕ್ಕು ಸಭೆಗೆ ಉಳಿಯುವುದಿಲ್ಲ.

ನಾಲ್ಕನೆಯ ಪೂರ್ವಪಕ್ಷ: ಐಕ್ಯದ ಹೆಸರಿನಲ್ಲಿ ಬಾಯಿ ಮುಚ್ಚಿಸಿದ್ದಾರೆ

ಈ ವಾದ ಎಲ್ಲಕ್ಕಿಂತ ಗಟ್ಟಿ. ಶಾಂತಿ ಕದಡಬೇಡಿ ಎನ್ನುತ್ತಲೇ ದಲಿತರನ್ನು ಹಿಂದಿನ ಸಾಲಿಗೆ, ಹೆಂಗಸರನ್ನು ಅಡುಗೆ ಮತ್ತು ಹೂವಿನ ಕೆಲಸಕ್ಕೆ ನಿಲ್ಲಿಸಿದ ಸಭೆಗಳುಂಟು.

ಉತ್ತರ: ಸಂಗತಿಯನ್ನು ಒಪ್ಪಲೇಬೇಕು. 1947ರಲ್ಲಿ ಒಂದಾದ ಸಿಎಸ್‌ಐ ಮೊದಲ ಮಹಿಳಾ ಬಿಷಪ್ಪರಾಗಿ ಇ. ಪುಷ್ಪ ಲಲಿತಾ ಅವರನ್ನು ನಂದ್ಯಾಲಕ್ಕೆ ನೇಮಿಸಿದ್ದು 2013ರಲ್ಲಿ. ನಡುವೆ 66 ವರ್ಷ ಕಳೆದವು. ಆದರೆ ಸಂಗತಿ ನಿಜವೆಂದ ಮಾತ್ರಕ್ಕೆ ವಾದ ಗೆಲ್ಲುವುದಿಲ್ಲ. ತನಗೆ ಕೈಯ ಅಗತ್ಯವಿಲ್ಲವೆಂದು ಕಣ್ಣು ಹೇಳಲಾಗದು ಎಂಬುದೇ ಪೌಲನ ತರ್ಕ. ಕೈಯನ್ನು ಕಟ್ಟಿಹಾಕಿ ದೇಹ ಒಂದಾಗಿದೆ ಎಂದರೆ ಅದು ಐಕ್ಯವಲ್ಲ, ಅಂಗವೈಕಲ್ಯ. ಹಾಗೆ ಮೌನವನ್ನು ಐಕ್ಯವೆಂದು ಕರೆದವರನ್ನು ತಿದ್ದುವುದಕ್ಕೂ ನಿಜವಾದ ಐಕ್ಯದ ಬಲವೇ ಬೇಕು.

ಸಿದ್ಧಾಂತ

ವರ ಬರುವುದು ವ್ಯಕ್ತಿಗೆ, ಅದರ ಫಲ ಸಲ್ಲುವುದು ಸಭೆಗೆ. ಆದ್ದರಿಂದ ವರಗಳ ಭೇದ ಐಕ್ಯಕ್ಕೆ ಅಡ್ಡಿಯಲ್ಲ, ಅದೇ ಐಕ್ಯದ ಸಾಮಗ್ರಿ. ಎಲ್ಲರೂ ಒಂದೇ ಆಗಿದ್ದರೆ ಕೂಡುವುದಕ್ಕೆ ಏನೂ ಇರುತ್ತಿರಲಿಲ್ಲ. ಪಕ್ಕದವರ ವರಕ್ಕೆ ಜಾಗ ಮಾಡಿಕೊಡುವ ವರವೇ ಪಕ್ವವಾದ ವರ.

ಪ್ರಯೋಜನ

ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರಗಳ ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ವಾರ್ಷಿಕ ಸಭೆಯಲ್ಲಿ ಚಂದಾ ಪಟ್ಟಿಯನ್ನು ಓದುವ ಮುನ್ನ, ವರವಿದ್ದೂ ಕೆಲಸ ಸಿಗದವರ ಪಟ್ಟಿಯನ್ನು ಓದಿ. ವರ್ಷಗಳಿಂದ ಸುಮ್ಮನೆ ಬಂದು ಹೋಗುವ ಒಬ್ಬರನ್ನು ಹೆಸರು ಹಿಡಿದು ಕರೆದು, ಅವರಿಗೆ ಒಲಿದ ಕೆಲಸವನ್ನು ಅವರ ಕೈಗೆ ಕೊಡಿ. ಇದನ್ನು ಓದುತ್ತಿರುವ ಸಭಿಕರೇ, ಕರೆ ಬಂದಾಗ ನನ್ನಿಂದ ಏನಾದೀತು ಎಂದು ಹಿಂಜರಿಯಬೇಡಿ. ನೀವು ಬಚ್ಚಿಟ್ಟದ್ದು ನಿಮ್ಮ ಸ್ವಂತದ್ದಲ್ಲ, ನಿಮ್ಮ ಸಭೆಯ ಪಾಲು.