ಮತ್ತೊಬ್ಬ ತಾಯಿಯ ಕಣ್ಣೀರು

ಭಾಗವತದ ಪ್ರಥಮ ಸ್ಕಂಧದಲ್ಲಿ ಬರುವ ಅಶ್ವತ್ಥಾಮನ ಪ್ರಸಂಗವನ್ನು ಆಸ್ತಿಕಬಂಧುಗಳಾದ ನಾವೆಲ್ಲರೂ ಕೇಳಿದ್ದೇವೆ. ನಿದ್ರಿಸುತ್ತಿದ್ದ ಮಕ್ಕಳನ್ನು ಕೊಂದವನನ್ನು ಅರ್ಜುನನು ಕಟ್ಟಿ ತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ಪುತ್ರಶೋಕದಲ್ಲಿ ಬೆಂದ ಆ ತಾಯಿ ಅವನನ್ನು ಬಿಟ್ಟುಬಿಡಿರೆನ್ನುತ್ತಾಳೆ. ತಾನು ಅಳುತ್ತಿರುವಂತೆ ಅವನ ತಾಯಿಯೂ ಅಳಬಾರದೆಂಬುದೇ ಆಕೆಯ ಕಾರಣ. ಭೀಮಸೇನದೇವರು ಒಪ್ಪುವುದಿಲ್ಲ, ಅಧರ್ಮಕ್ಕೆ ಶಿಕ್ಷೆ ಬೇಡವೆನ್ನಲು ಬರುವುದಿಲ್ಲವಷ್ಟೆ. ಕೊನೆಗೆ ಶಿರೋಮಣಿಯನ್ನು ಕಿತ್ತು, ಕೇಶವನ್ನು ಕತ್ತರಿಸಿ, ಅವನನ್ನು ಹೊರಗಟ್ಟುತ್ತಾರೆ. ಶಿಕ್ಷೆಯೂ ಆಯಿತು, ದ್ರೌಪದಿಯ ಮಾತೂ ನಡೆಯಿತು.

ಇದೆಲ್ಲ ದೇವತಾಂಶಸಂಭೂತರಿಗೆ ಸಾಧ್ಯ, ನಮ್ಮಂಥವರಿಗೆಲ್ಲಿಯದು ಎಂದು ಪ್ರವಚನ ಮುಗಿದ ಮೇಲೆ ಕೇಳುವವರುಂಟು. ಅಂಥವರಿಗಾಗಿ ದಕ್ಷಿಣ ಆಫ್ರಿಕದಲ್ಲಿ ಈಚಿನ ಕಾಲದಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳಬಯಸುತ್ತೇವೆ.

ಏಮಿ ಬೀಲ್ ಅಮೆರಿಕದ ಬಿಳಿಯ ಕುಟುಂಬದ ಹೆಣ್ಣುಮಗಳು. ವಿದ್ಯಾರ್ಥಿವೇತನ ಪಡೆದು ಕೇಪ್‌ಟೌನಿಗೆ ಬಂದಿದ್ದಳು. ಚರ್ಮದ ಬಣ್ಣ ನೋಡಿ ಮನೆ, ಶಾಲೆ, ಮತಾಧಿಕಾರಗಳನ್ನು ಹಂಚುತ್ತಿದ್ದ ವರ್ಣಭೇದ ನೀತಿ ಅಲ್ಲಿ ಕೊನೆಯುಸಿರೆಳೆಯುತ್ತಿದ್ದ ಕಾಲವದು. ಎಲ್ಲರೂ ಮತ ಹಾಕುವ ಮೊದಲ ಚುನಾವಣೆಗೆ ಜನರನ್ನು ಸಿದ್ಧಗೊಳಿಸುವ ಕೆಲಸದಲ್ಲಿ ಆಕೆಯೂ ಕೈಜೋಡಿಸಿದ್ದಳು. 1993ರ ಆಗಸ್ಟ್ 25ರಂದು ಕಪ್ಪು ಜನಾಂಗದ ಗೆಳೆಯರನ್ನು ಮನೆಗೆ ಬಿಡಲೆಂದು ಗುಗುಲೆತು ಎಂಬ ಬಡಾವಣೆಗೆ ಕಾರಿನಲ್ಲಿ ಹೋದಳು. ಅಲ್ಲಿ ರೊಚ್ಚಿಗೆದ್ದಿದ್ದ ಯುವಕರ ಗುಂಪು ಬಿಳಿಯ ಮುಖ ಕಂಡೊಡನೆ ಕಲ್ಲು ತೂರಿತು. ಈಕೆ ನಮ್ಮವಳೆಂದು ಗೆಳೆಯರು ಕೂಗಿಕೊಂಡರೂ ಕೇಳದೆ ಇರಿದು ಕೊಂದರು. ಆಕೆಗೆ 26 ವರ್ಷ. ಕೆಲವೇ ದಿನಗಳಲ್ಲಿ ಊರಿಗೆ ಮರಳುವವಳಿದ್ದಳು.

ನಾಲ್ವರಿಗೆ 18 ವರ್ಷಗಳ ಸೆರೆವಾಸವಾಯಿತು. 1994ರಲ್ಲಿ ಸರಕಾರ ಬದಲಾಯಿತು. ರಾಜಕೀಯ ಕಾರಣದಿಂದ ಮಾಡಿದ ಅಪರಾಧವನ್ನು ಮುಚ್ಚುಮರೆಯಿಲ್ಲದೆ ಹೇಳಿದವರಿಗೆ ಕ್ಷಮಾದಾನ ನೀಡುವ ಆಯೋಗ ರಚಿತವಾಯಿತು. ಆ ನಾಲ್ವರೂ ಅರ್ಜಿ ಹಾಕಿದರು. 1997ರ ವಿಚಾರಣೆಗೆ ತಂದೆ ಪೀಟರ್, ತಾಯಿ ಲಿಂಡಾ ಇಬ್ಬರೂ ಬಂದರು. ಒಂದು ಮಾತು ವಿರೋಧಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ವಿರೋಧಿಸಲಿಲ್ಲ, ಆ ಯುವಕರ ಮನೆಯವರ ಕೈಹಿಡಿದು ಮಾತನಾಡಿಸಿದರು. 1998ರಲ್ಲಿ ನಾಲ್ವರಿಗೂ ಬಿಡುಗಡೆಯಾಯಿತು.

ತತ್ತ್ವವಾದಿಗಳಾದ ನಾವು ಭೇದವನ್ನು ಸತ್ಯವೆಂದೇ ಹೇಳುವವರು. ಆದರೆ ಶಾಸ್ತ್ರ ಹೇಳುವುದು ಜೀವಜೀವರ ಸ್ವರೂಪಭೇದವನ್ನು. ಚರ್ಮದ ಬಣ್ಣವಾದರೋ ದೇಹದೊಂದಿಗೆ ಬಂದು ದೇಹದೊಂದಿಗೇ ಹೋಗುವಂಥದು. ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂದದ್ದು ಮೈಬಣ್ಣದಿಂದಲೇ ಎಂಬುದನ್ನು ಮರೆತು ವಧುವಿನ ಬಣ್ಣ ವಿಚಾರಿಸುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಇರಲಿ.

ಬಂಧುಗಳೆಲ್ಲ ಇರುವವರೆಗೆ ದುಃಖಕ್ಕೆ ಒಂದು ಕಟ್ಟಿರುತ್ತದೆ. ವೈಕುಂಠಸಮಾರಾಧನೆ ಮುಗಿದು ಅವರೆಲ್ಲ ಹೊರಟುಹೋದ ಮೇಲೆ, ಬರಿದಾದ ಮನೆಯಲ್ಲಿಯೇ ಶೋಕ ನಿಜವಾಗಿ ಆರಂಭವಾಗುವುದನ್ನು ಪೌರೋಹಿತ್ಯದ ಮನೆಯವರಾದ ನಾವು ಎಷ್ಟೋ ಕಡೆ ಕಂಡಿದ್ದೇವೆ. ಬಾಗಿಲು ಹಾಕಿಕೊಂಡು ಕುಳಿತವರು ಎಷ್ಟೋ ವರ್ಷ ಏಳುವುದಿಲ್ಲ. ಬೀಲ್ ದಂಪತಿಗಳು ಬಾಗಿಲು ತೆರೆದು, ಮಗಳು ಸತ್ತ ಕೇರಿಗೇ ನಡೆದುಹೋದರು. ಅವಳ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ, ಅಲ್ಲಿನ ಮಕ್ಕಳಿಗೆ ಶಾಲೆಯ ನಂತರದ ಪಾಠ, ಸಂಗೀತ, ಆಟಗಳನ್ನು ಏರ್ಪಡಿಸಿದರು. ಬಿಡುಗಡೆಯಾದವರಲ್ಲಿ ಈಜಿ ನೊಫೆಮೆಲಾ, ಎನ್ಟೊಬೆಕೊ ಪೆನಿ ಎಂಬಿಬ್ಬರಿಗೆ ಅದೇ ಪ್ರತಿಷ್ಠಾನದಲ್ಲಿ ಕೆಲಸ ಕೊಟ್ಟರು. ಕೊಂದ ಕೈಗಳಿಗೇ ಮಗಳ ಕೆಲಸವನ್ನು ಒಪ್ಪಿಸುವುದೆಂದರೆ ಸಾಮಾನ್ಯವೇ? ಕ್ಷಮೆಯೆಂದರೆ ಮರೆವು ಎಂದು ತಿಳಿದವರು ಇಲ್ಲಿ ನಿಂತು ಯೋಚಿಸಬೇಕು. ಮರೆತಿದ್ದರೆ ಅವರು ಆ ಊರಿಗೆ ಹೋಗುತ್ತಲೇ ಇರಲಿಲ್ಲ.

ಪೀಟರ್ 2002ರಲ್ಲಿ ತೀರಿಕೊಂಡರು. ಲಿಂಡಾ ಕೆಲಸ ಬಿಡಲಿಲ್ಲ. ಆ ಯುವಕರೊಡನೆ ಒಂದೇ ವೇದಿಕೆಯಲ್ಲಿ ಕುಳಿತು ತಮ್ಮ ಕಥೆಯನ್ನು ಜನರಿಗೆ ಹೇಳಿದರು. ಅವರು ಆಕೆಯನ್ನು ‘ಮಖುಲು’ ಎಂದು ಕರೆದರು. ಅವರ ಖೋಸಾ ಭಾಷೆಯಲ್ಲಿ ಹಾಗೆಂದರೆ ಅಜ್ಜಿ.