ದೂರದಿಂದ ಗುನುಗಿದರೆ ಕೇಳಿಸುತ್ತಾ?

ಇಂಟರ್ನೆಟ್ ಹೇಗೆ ಕೆಲಸ ಮಾಡಬೇಕು ಅನ್ನೋ ನಿಯಮಗಳನ್ನು ಬರೆಯುವ ಐಇಟಿಎಫ್ ಸಭೆಗಳಲ್ಲಿ ಒಂದು ತಮಾಷೆಯ ಪದ್ಧತಿ ಇದೆ. ಅಲ್ಲಿ ಮತ ಹಾಕಲ್ಲ, ಗುನುಗ್ತಾರೆ. "ಇದನ್ನ ಒಪ್ಪುವವರು ಈಗ ಗುನುಗಿ" ಅಂತ ಅಧ್ಯಕ್ಷರು ಹೇಳಿದರೆ, ಕೂತವರೆಲ್ಲ ಬಾಯಿ ಮುಚ್ಚಿಕೊಂಡೇ 'ಹ್ಮ್' ಅಂತಾರೆ. ಆಮೇಲೆ ಒಪ್ಪದವರ ಸರದಿ. ಅದರಿಂದ ಸಭೆಯ ಮನಸ್ಸಿನ ಅಂದಾಜು ಸಿಗುತ್ತೆ. ತಲೆ ಎಣಿಸೋಕೆ ಶುರು ಮಾಡಿದರೆ ಹೆಚ್ಚು ಜನರನ್ನು ಕಳಿಸಿದ ಕಂಪನಿಯೇ ಗೆಲ್ಲುತ್ತಲ್ವಾ? ಹಾಗಾಗಿ ಒಳ್ಳೇ ಪದ್ಧತಿಯೇ. ಆದರೆ ಬೆಂಗಳೂರಿನ ಬಾಡಿಗೆ ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತು ಗುನುಗಿದರೆ ಯಾರಿಗೆ ಕೇಳಿಸುತ್ತೆ?

1986ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಮೊದಲ ಸಭೆಗೆ ಬಂದಿದ್ದವರು 21 ಜನ. ಈಗ ವರ್ಷಕ್ಕೆ ಮೂರು ಸಭೆ, ಬೇರೆ ಬೇರೆ ಖಂಡಗಳಲ್ಲಿ. ಟಿಕೆಟ್, ಹೋಟೆಲ್, ನೋಂದಣಿ ಶುಲ್ಕ, ಅದಕ್ಕೂ ಮೊದಲು ವೀಸಾ. 2020ರ ಮಾರ್ಚ್‌ನಲ್ಲಿ ವ್ಯಾಂಕೂವರ್ ಸಭೆ ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನ್ ಆಯಿತು. 2022ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಮತ್ತೆ ಎದುರುಬದುರು ಸೇರಿದರು, ಆನ್‌ಲೈನ್ ಬಾಗಿಲೂ ತೆರೆದೇ ಇತ್ತು. ಈಗ ಸ್ಕ್ರೀನ್ ಮೇಲೆ ಕೈ ಎತ್ತಬಹುದು, ಮೈಕ್‌ಗೆ ಸರದಿ ನಿಲ್ಲಬಹುದು. ನನ್ನಂಥವರಿಗೆ ಇದು ದೊಡ್ಡ ಉಪಕಾರ. ಆದರೆ ಇದೇ ಬಾಗಿಲು ತೋರಿಸಿ ಮ್ಯಾನೇಜರ್‌ಗಳು "ಮನೆಯಿಂದಲೇ ನೋಡಬಹುದಲ್ಲ, ಪ್ರಯಾಣ ಯಾಕೆ?" ಅನ್ನೋದೂ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈ ತಿಂಗಳ ಮಧ್ಯಾಹ್ನ 12 ಅಂದರೆ ನಮಗೆ ರಾತ್ರಿ 12.30. ಅವರು ಊಟಕ್ಕೆ ಏಳೋ ಹೊತ್ತಿಗೆ ನಾವು ನಿದ್ದೆ ತಡೆಯಬೇಕು.

ಹೋಗಿ ಬಂದ ಗೆಳೆಯ ಹೇಳ್ತಾನೆ: "ತಿಂಗಳುಗಟ್ಟಲೆ ಈಮೇಲ್‌ನಲ್ಲಿ ಜಗಳ ಆಡಿದವರು ಒಂದು ಕಾಫಿಯಲ್ಲಿ ಒಪ್ಪಿಕೊಳ್ತಾರೆ ಕಣೋ. ಅದು ಜೂಮ್‌ನಲ್ಲಿ ಆಗಲ್ಲ." ಇದು ಸುಳ್ಳಲ್ಲ. ಜೊತೆಗೆ ಕೂತು ಉಂಡವರ ಮೇಲೆ ಅನುಮಾನ ಕಡಿಮೆ. ಎದುರಿಗಿರುವವನು ಮೊಂಡನಲ್ಲ, ಅವನಿಗೂ ಒಂದು ಕಾರಣ ಇದೆ ಅಂತ ಮುಖ ನೋಡಿದಾಗ ಬೇಗ ಅರ್ಥವಾಗುತ್ತೆ.

ಆದರೆ ಆ ಕಾಫಿಯ ಬೆಲೆ ಒಂದು ವಿಮಾನದ ಟಿಕೆಟ್, ಒಂದು ವೀಸಾ. ಅದನ್ನು ಕೊಡಲಾಗದವರ ವಾದ ಆ ಕಾರಣಕ್ಕೇ ಹಗುರವಾಗೋದು ನ್ಯಾಯವಾ? ಐಇಟಿಎಫ್‌ಗೂ ಇದು ಗೊತ್ತು. ಮೇಲಿಂಗ್ ಲಿಸ್ಟ್‌ನಲ್ಲಿ ಚರ್ಚೆಯಾಗದ ವಿಷಯವನ್ನು ಸಭೆಯಲ್ಲಿ ತೀರ್ಮಾನಿಸಿದರೆ, ಅದನ್ನು ಲಿಸ್ಟ್‌ಗೆ ತಂದು ಪರಿಶೀಲಿಸಲೇಬೇಕು ಅನ್ನೋ ನಿಯಮ 1998ರ ಆರ್‌ಎಫ್‌ಸಿ 2418ರಲ್ಲೇ ಇದೆ. ನಾಯಕರನ್ನು ಆರಿಸುವ ಸಮಿತಿಗೆ ಸೇರಲು ಕೊನೆಯ ಐದರಲ್ಲಿ ಮೂರು ಸಭೆಗೆ ಹಾಜರಾಗಿರಬೇಕು ಅನ್ನೋದು ಒಂದು ಅರ್ಹತೆ. ಆನ್‌ಲೈನ್ ಹಾಜರಿಯೂ ಹಾಜರಿಯೇ ಅಂತ 2023ರ ಆರ್‌ಎಫ್‌ಸಿ 9389 ಹೇಳುತ್ತೆ.

ನಿಯಮದ ಕೈಗೆ ಸಿಗದ್ದು ಇನ್ನೊಂದಿದೆ. ಲಿಸ್ಟ್‌ಗೆ ತೀರ್ಮಾನ ಬರುತ್ತೆ, ಅದರ ಹಿಂದಿನ ಮಾತು ಕಾರಿಡಾರ್‌ನಲ್ಲೇ ಉಳಿಯುತ್ತೆ. ಆಗ "ಯಾಕೆ?" ಅಂತ ಕೇಳಿದವನು ಮುಗಿದ ಕೆಲಸಕ್ಕೆ ಅಡ್ಡಗಾಲು ಹಾಕುವವನ ಥರ ಕಾಣ್ತಾನೆ.

ನನ್ನ ಮಟ್ಟಿಗೆ ಇಲ್ಲಿರೋದು ಋಣದ ಪ್ರಶ್ನೆ. ಎಲ್ಲರನ್ನೂ ವಿಮಾನ ಹತ್ತಿಸೋಕೆ ಆಗಲ್ಲ, ಎದುರುಬದುರು ಕೂರೋದನ್ನು ನಿಲ್ಲಿಸಿದರೂ ನಷ್ಟವೇ. ಅಲ್ಲಿರುವ ಭಾಗ್ಯ ಸಿಕ್ಕವರು ಇಲ್ಲದವರಿಗೆ ಬಾಕಿ ಇದ್ದಾರೆ. ಕಾಫಿಯಲ್ಲಿ ಏನು ಬದಲಾಯಿತು, ಯಾರ ಯಾವ ಮಾತಿಗೆ ಒಪ್ಪಿದರು ಅಂತ ಬರೆದು ಹಾಕಬೇಕು. ದೂರದ ಮೈಕನ್ನು ಕೊನೇ ಎರಡು ನಿಮಿಷಕ್ಕೆ ಉಳಿಸಬಾರದು. ದೂರದಲ್ಲಿರುವವರಿಗೂ ಒಂದು ಬಾಕಿ ಇದೆ: ಡ್ರಾಫ್ಟ್ ಓದದೆ, ಇನ್ನೊಂದು ಕಿಟಕಿಯಲ್ಲಿ ಆಫೀಸ್ ಕೆಲಸ ಮಾಡ್ತಾ ಕೂತರೆ ಅದು ಹಾಜರಿ ಅಲ್ಲ.

ಇದು ಇಂಟರ್ನೆಟ್ ಎಂಜಿನಿಯರುಗಳ ಪಾಡು ಮಾತ್ರ ಅಲ್ಲ. ನಿಮ್ಮ ಆಫೀಸಲ್ಲೂ ಅರ್ಧ ಜನ ಸ್ಕ್ರೀನ್‌ನಲ್ಲಿರ್ತಾರೆ. ಕಾಲ್ ಕಟ್ಟಾದ ಮೇಲೆ ಕಾಫಿ ಮಷೀನ್ ಹತ್ತಿರ ಏನಾದ್ರೂ ನಿರ್ಧಾರ ಆದರೆ, ಅದರ ಕಾರಣವನ್ನು ನಾಲ್ಕು ಸಾಲಲ್ಲಿ ಬರೆದು ಕಳಿಸಿ. ಅವರು ಒಪ್ಪದೇ ಇರಬಹುದು. ಒಪ್ಪದಿರೋಕೂ ಮೊದಲು ವಿಷಯ ಗೊತ್ತಿರಬೇಕಲ್ಲ.