ಮುಯ್ಯಿಯ ಲೆಕ್ಕ

ದಿಂಬಂ ಘಟ್ಟದ 27 ತಿರುವು ಹತ್ತಿದರೆ ಸಿಗುವ ನಮ್ಮ ತಾಳವಾಡಿ, 1956ರ ರಾಜ್ಯ ವಿಂಗಡಣೆಯಲ್ಲಿ ತಮಿಳು ಸೀಮೆಗೇ ಉಳಿಯಿತು; ಮನೆಮಾತು ಕನ್ನಡವಾಗಿಯೇ ಉಳಿಯಿತು. ಜೊತೆಗೆ ಮುಯ್ಯಿಯೂ ಉಳಿದಿದೆ. ನಿಮ್ಮ ರಾಗಿ ಕೊಯ್ಲಿಗೆ ನಾನು ಒಂದು ದಿನ ಬಂದರೆ, ನನ್ನ ಹೊಲಕ್ಕೆ ನೀವು ಒಂದು ದಿನ ಬರಬೇಕು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೇ ಈ ಲೆಕ್ಕ ನಡೆಯುವುದುಂಟು.

ಲೆಕ್ಕವಿಟ್ಟ ಉಪಕಾರ ಉಪಕಾರವೇ? ತಿರುಗಿ ಕರೆಯಲಾರದ ಬಡವರನ್ನೇ ಊಟಕ್ಕೆ ಕರೆಯಬೇಕೆಂದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾರೆ. ಹಾಗೆಂದು ಮುಯ್ಯಿಯನ್ನು ಬರಿಯ ವ್ಯಾಪಾರವೆನ್ನಲಾರೆ. ತೀರಿಸಬಹುದಾದ ಋಣ ಯಾರ ತಲೆಯನ್ನೂ ತಗ್ಗಿಸುವುದಿಲ್ಲ. ಕೊಟ್ಟವರೂ ಪಡೆದವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಧರ್ಮಕ್ಕೆ ಪಡೆದವರಿಗೆ ಆ ಸಾಲು ಸಿಗುವುದು ಕಷ್ಟ.

ಆದರೆ ಮುಯ್ಯಿ ತೀರಿಸಲು ಆಳಿಲ್ಲದ ಮನೆಯೂ ಇದೆ. ಮಕ್ಕಳು ತಿರುಪ್ಪೂರಿನ ಕೆಲಸಕ್ಕೆ ಹೋಗಿ ಒಬ್ಬಳೇ ಉಳಿದ ಮುದುಕಿಯ ಹೊಲಕ್ಕೆ ಯಾರು ಹೋಗಬೇಕು? ಸಮಾಧಿಯ ಗುಂಡಿ ತೋಡುವಾಗ ನಾವು ದಿನ ಎಣಿಸುವುದಿಲ್ಲ. ಸತ್ತವರು ತಿರುಗಿ ಬಂದು ದುಡಿಯಲಾರರೆಂದು ಎಲ್ಲರಿಗೂ ಗೊತ್ತು. ಸತ್ತವರಿಗೆ ಬಿಟ್ಟ ಲೆಕ್ಕವನ್ನು ಬದುಕಿರುವ ಆಕೆಗೆ ಏಕೆ ಬಿಡಬಾರದು? ಆಕೆ ಕೊಡುವ ಒಂದು ಲೋಟ ಮಜ್ಜಿಗೆಯನ್ನೇ ಮುಯ್ಯಿ ಎಂದು ಒಪ್ಪಿಕೊಳ್ಳೋಣ. ಕೊಯ್ಲೂ ಆಗುತ್ತದೆ, ಆಕೆಯ ತಲೆಯೂ ತಗ್ಗುವುದಿಲ್ಲ.